ಹೊಸ ಬೆಲ್ಟ್ 10,000 ಕಿ.ಮೀ.ಗೇ ಸವೆಯುತ್ತಿದೆ, ಕಾರಣ ಏನಿರಬಹುದು?

ಘಟ್ಟದ ಗಾಡಿ:
ನಮಸ್ಕಾರ. ನನ್ನದು 2014ರ ಡೀಸೆಲ್ ಕಾರು, 96,000 ಕಿ.ಮೀ. ಓಡಿದೆ. ಜಾಸ್ತಿ ಓಡಾಟ ಸಕಲೇಶಪುರದಿಂದ ಶಿರಾಡಿ ಇಳಿದು ಮಂಗಳೂರಿಗೆ. ಕಾರಿನ ಜೊತೆ ಬಂದ ಫ್ಯಾನ್ ಬೆಲ್ಟ್ (ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್, ಎಸಿ ಎರಡನ್ನೂ ತಿರುಗಿಸುವ ಉದ್ದನೆಯ ಪಟ್ಟಿ) 74,000ದವರೆಗೆ ತುಟಿ ಪಿಟಕ್ ಅನ್ನದೆ ಓಡಿತ್ತು. ಆಮೇಲೆ ಹಾಕಿದ್ದು 12,000ಕ್ಕೆ ಹೋಯಿತು. ಈಗಿರುವುದಕ್ಕೆ 10,000 ಆಗಿದೆ ಅಷ್ಟೇ, ಒಂದೇ ಕಡೆಯ ಅಂಚಿನಲ್ಲಿ ದಾರ ಎದ್ದು ನಿಂತಿದೆ. ಬೆಲ್ಟ್ ಸುತ್ತಮುತ್ತ ಕಪ್ಪು ಪುಡಿ. ಮಳೆ ಬಂದ ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಹಕ್ಕಿ ಕೂಗಿದ ಹಾಗೆ ಚಿಕ್ ಚಿಕ್ ಅನ್ನುತ್ತದೆ. ಮೆಕ್ಯಾನಿಕ್ ಕೇಳಿದರೆ ‘ಡೂಪ್ಲಿಕೇಟ್ ಮಾಲು ಸಾರ್, ಒರಿಜಿನಲ್ ಹಾಕೋಣ’ ಅಂತಾರೆ. ಎರಡೂ ಸಲ ಒರಿಜಿನಲ್ಲೇ ಹಾಕಿಸಿದ್ದು, ಬಿಲ್ ಇದೆ!

ಹದಿಮೂರರ ಸ್ಪ್ಯಾನರ್:
ಬೆಲ್ಟನ್ನು ಬೈಯಬೇಡಿ, ಅದು ಪೆಟ್ಟು ತಿಂದಿರುವುದು. ಮಾಲು ಕೆಟ್ಟದಾಗಿದ್ದರೆ ಎಲ್ಲಾ ಕಡೆ ಒಂದೇ ಥರ ಹಾಳಾಗುತ್ತಿತ್ತು. ಒಂದೇ ಅಂಚು ಸವೆದಿದೆ ಅಂದರೆ ಯಾವುದೋ ಒಂದು ಪುಲ್ಲಿ (ಬೆಲ್ಟ್ ಸುತ್ತಿ ಓಡುವ ಚಕ್ರ) ಉಳಿದವುಗಳ ಸಾಲಿನಲ್ಲಿ ಇಲ್ಲ. ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಬೆಲ್ಟಿನ ಗೆರೆ ಇರುವ ಮೈಗೆ ಸ್ವಲ್ಪ ನೀರು ಚಿಮುಕಿಸಿ ನೋಡಿ. ದೂರದಿಂದ ಮಾಡಿ, ಬೆರಳು, ಶರ್ಟಿನ ತೋಳು ಹತ್ತಿರ ಹೋಗಬಾರದು. ಸದ್ದು ಕ್ಷಣಕಾಲ ನಿಂತು ಮತ್ತೆ ಬಂದರೆ ಪುಲ್ಲಿ ಸೊಟ್ಟ. ನೀರು ಬಿದ್ದ ಕೂಡಲೇ ಕಿರುಚಾಟ ಜೋರಾದರೆ ಬಿಗಿ ಸಾಲದು, ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್ ನೋಡಬೇಕು. ಬೆಲ್ಟಿಗೆ ಹೊಡೆಯುವ ಸ್ಪ್ರೇ ಸಿಗುತ್ತದೆ, ಅದನ್ನು ಮಾತ್ರ ಹೊಡೆಯಬೇಡಿ. ಸದ್ದು ಅಡಗುತ್ತದೆ, ರೋಗ ಹಾಗೇ ಇರುತ್ತದೆ.

ಮಂಜಣ್ಣನ ಶೆಡ್:
ಒಂದು ಪ್ರಶ್ನೆ. 74,000ದ ಆಸುಪಾಸಿನಲ್ಲಿ ಆ ಕಡೆ ಏನಾದರೂ ಬಿಚ್ಚಿಸಿದ್ದಿರಾ?

ಘಟ್ಟದ ಗಾಡಿ:
ಅಯ್ಯೋ ಹೌದಲ್ವಾ! ಆಲ್ಟರ್ನೇಟರ್ ಬೇರಿಂಗ್ ಹೋಗಿ ಗುಂಯ್ ಅನ್ನುತ್ತಿತ್ತು, ಎಲೆಕ್ಟ್ರಿಷಿಯನ್ ಹತ್ತಿರ ಬೇರಿಂಗ್ ಹಾಕಿಸಿದ್ದೆ. ಆಗಲೇ ಬೆಲ್ಟೂ ಬದಲಾಯಿಸಿದ್ದು. ನೀರು ಹಾಕಿ ನೋಡಿದೆ, ಸದ್ದು ನಿಂತು ಎರಡೇ ಕ್ಷಣಕ್ಕೆ ಮತ್ತೆ ಬಂತು.

ಮಂಜಣ್ಣನ ಶೆಡ್:
ಹಾಗಾದರೆ ಮೊದಲ ಅನುಮಾನ ಅಲ್ಲೇ. ಎಂಜಿನ್ ಆರಿಸಿ, ಕೀ ಜೇಬಿಗೆ ಹಾಕಿಕೊಂಡು, ಬೆಲ್ಟ್ ಹೋಗುವ ದಾರಿಯ ಫೋಟೊ ತೆಗೆದು, ಆಮೇಲೆ ಕಳಚಿ. ನೆಟ್ಟಗಿರುವ ಸ್ಟೀಲ್ ಪಟ್ಟಿಯನ್ನು ಎರಡು ಪುಲ್ಲಿಗಳ ಗೆರೆಯಲ್ಲಿ ಉದ್ದಕ್ಕೆ ಕೂರಿಸಿ ಹಿಡಿದರೆ ಯಾವುದು ಒಳಗೆ ಕೂತಿದೆ ಅಂತ ಕಣ್ಣಿಗೇ ಕಾಣುತ್ತದೆ. ಪುಲ್ಲಿ ಮತ್ತು ಬೇರಿಂಗ್ ನಡುವೆ ಸಣ್ಣ ಸ್ಪೇಸರ್ (ಅಂತರ ಕಾಯುವ ಬಳೆ) ಇರುವ ಆಲ್ಟರ್ನೇಟರ್ ಆಗಿದ್ದರೆ, ಅದು ಟೇಬಲ್ ಮೇಲೇ ಉಳಿದಿರಬಹುದು. ಬಿಚ್ಚಿದಾಗಲೇ ಬೆಲ್ಟಿಗೆ ದಾರಿ ತೋರಿಸುವ ಬರಿ ಚಕ್ರಗಳಾದ ಐಡ್ಲರ್‌ಗಳನ್ನೂ ಕೈಯಲ್ಲಿ ತಿರುಗಿಸಿ, ಗರಗರ ಅಂದರೆ ಅದೂ ಬದಲು. ಎಂಜಿನ್ ನೇರವಾಗಿ ತಿರುಗಿಸುವ ಕ್ರ್ಯಾಂಕ್ ಪುಲ್ಲಿಯ ಮಧ್ಯದ ರಬ್ಬರ್ ಬಿಟ್ಟುಕೊಂಡಿದೆಯಾ, ಎಲ್ಲಾದರೂ ಆಯಿಲ್ ತೊಟ್ಟಿಕ್ಕುತ್ತಿದೆಯಾ ನೋಡಿ, ಆಯಿಲ್ ಕುಡಿದ ಬೆಲ್ಟ್ ಉಬ್ಬಿ ಮೆತ್ತಗಾಗುತ್ತದೆ.

ಹದಿಮೂರರ ಸ್ಪ್ಯಾನರ್:
ಇನ್ನೊಂದು. ಆ ದಾರ ಎದ್ದ ಬೆಲ್ಟಲ್ಲಿ ಘಟ್ಟ ಇಳಿಯಬೇಡಿ. ಕೆಲವು ಎಂಜಿನ್‌ಗಳಲ್ಲಿ ಕಿತ್ತ ದಾರ ಕ್ರ್ಯಾಂಕ್ ಪುಲ್ಲಿ ಹಿಂದೆ ಸುತ್ತಿಕೊಂಡು ಟೈಮಿಂಗ್ ಬೆಲ್ಟಿನ (ಎಂಜಿನ್ ವಾಲ್ವ್ ಹೊತ್ತಿಗೆ ಸರಿಯಾಗಿ ತೆರೆಸುವ ಒಳಗಿನ ಬೆಲ್ಟ್) ಕವರ್ ಒಳಗೆ ಹೋಗುತ್ತದೆ. ಆಗ ಖರ್ಚು ಬೆಲ್ಟಿನದ್ದಲ್ಲ, ಎಂಜಿನ್‌ದು. ಇನ್ನು ಈಗಿನ ಬೆಲ್ಟುಗಳು ಹಳೆಯವುಗಳ ಹಾಗೆ ಬಿರುಕು ಬಿಡುವುದು ಕಡಿಮೆ, ಟೈರಿನ ಹಾಗೆ ಗೆರೆ ಸವೆಯುತ್ತದೆ. ಬಿರುಕಿಲ್ಲ ಅಂತ ಸುಮ್ನೆ ಕೂರಬೇಡಿ.

ಘಟ್ಟದ ಗಾಡಿ:
ಭಾನುವಾರ ಪಟ್ಟಿ ಹಿಡಿದು ನೋಡಿದೆ. ಆಲ್ಟರ್ನೇಟರ್ ಪುಲ್ಲಿ ಹತ್ತಿರ ಹತ್ತಿರ 3 ಮಿ.ಮೀ. ಒಳಗೆ! ಬಿಚ್ಚಿಸಿದರೆ ಸ್ಪೇಸರ್ರೇ ಇಲ್ಲ. ಬೇರೆ ಕಡೆ ಅದೇ ಅಳತೆಯದ್ದು ಹುಡುಕಿ ಹಾಕಿಸಿ, ಹೊಸ ಬೆಲ್ಟ್ ಏರಿಸಿದ್ದಾಯಿತು. ಒಂದು ಐಡ್ಲರ್ ಕೂಡ ಗರಗರ ಅನ್ನುತ್ತಿತ್ತು, ಬದಲಾಯಿಸಿದೆ. ಇವತ್ತು ಬೆಳಗ್ಗೆ ಜೋರು ಮಳೆ, ಸ್ಟಾರ್ಟ್ ಮಾಡಿ ಬಾನೆಟ್ ಎತ್ತಿ ಕಿವಿ ಕೊಟ್ಟು ನಿಂತಿದ್ದೆ, ಚಿಕ್ ಅನ್ನಲಿಲ್ಲ. 1,000 ಕಿ.ಮೀ. ಆದಮೇಲೆ ಅಂಚಿನ ಫೋಟೊ ಹಾಕುತ್ತೇನೆ.