ಗುಲ್ಮ (ಸ್ಪ್ಲೀನ್) ದೊಡ್ಡದಾದ ಮಗು, ಗ್ಲೂಕೋಸೆರಮೈಡ್: ಡಾಕ್ಟ್ರ ಹತ್ತಿರ ಕೇಳಿ (ಗುಂಪಿನ ಮಾತುಕತೆ; ಬರೆದವರ ಹೆಸರಿನ ಬದಲು ಊರಿನ ಹೆಸರು)

ಬದಿಯಡ್ಕ: ಡಾಕ್ಟ್ರೇ, ತಂಗಿಯ ಮಗನಿಗೆ 7 ವರ್ಷ. ಹೊಟ್ಟೆಯ ಎಡಬದಿ ಉಬ್ಬಿದೆ, ಪ್ಲೇಟ್‌ಲೆಟ್ 62,000, ರಾತ್ರಿ ತೊಡೆಯೆಲುಬು ನೋವು. ಮಲೇರಿಯಾ ಇಲ್ಲ. ಅಪ್ಪ ಅಮ್ಮ ಸೋದರ ಸಂಬಂಧ. ಮಂಗಳೂರಿನಲ್ಲಿ ಗೋಶೆ ಕಾಯಿಲೆ (ಗ್ಲೂಕೋಸೆರಮೈಡ್ ಎಂಬ ಕೊಬ್ಬು ಒಡೆಯದೆ ಗುಲ್ಮದಲ್ಲಿ ತುಂಬುವ ವಂಶವಾಹಿ ಕಾಯಿಲೆ) ಇರಬಹುದು ಅಂದರು. ಮುಂದೇನು?

ಡಾಕ್ಟ್ರು: ಅಕ್ಕಾ, ಮೊದಲು ರಕ್ತದ ಸ್ಮಿಯರ್, ಅಂದರೆ ರಕ್ತದ ಹನಿಯನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವುದು. ಇದೇ ಲಕ್ಷಣ ರಕ್ತದ ಕ್ಯಾನ್ಸರಿನಲ್ಲೂ ಉಂಟು. ಸಂಶಯ ಬಂದರೆ ಮಜ್ಜೆ ಪರೀಕ್ಷೆ ತಡಮಾಡಬೇಡಿ. ಗೋಶೆ ಖಚಿತಪಡಿಸಲು ಬಿಳಿ ರಕ್ತಕಣದಲ್ಲಿ ಗ್ಲೂಕೋಸೆರೆಬ್ರೋಸಿಡೇಸ್ ಕಿಣ್ವ ಅಳೆಯಬೇಕು, ಕಡಿಮೆಯಾದರೆ ಆ ಕಿಣ್ವ ತಯಾರಿಸುವ ಜಿಬಿಎ1 ವಂಶವಾಹಿಯ ಪರೀಕ್ಷೆ. ಗ್ಲೂಕೋಸೆರಮೈಡ್ ಕೆಟ್ಟ ಕೊಬ್ಬಲ್ಲ, ಜೀವಕೋಶದ ಪೊರೆಯಲ್ಲೇ ಇರುವುದು. ಹಳೇ ರಕ್ತಕಣಗಳನ್ನು ಗುಲ್ಮದ ಮ್ಯಾಕ್ರೋಫೇಜ್ (ಕಸ ನುಂಗುವ ಕೋಶ) ನುಂಗಿದ ಮೇಲೆ ಈ ಕಿಣ್ವ ಅದನ್ನು ಗ್ಲೂಕೋಸ್, ಸೆರಮೈಡ್ ಎಂದು ಒಡೆಯುತ್ತದೆ. ಒಡೆಯದಿದ್ದರೆ ಕೋಶದಲ್ಲೇ ತುಂಬುತ್ತದೆ; ಸೂಕ್ಷ್ಮದರ್ಶಕದಲ್ಲಿ ಮುದುಡಿದ ತೆಳು ಕಾಗದದ ಹಾಗೆ ಕಾಣುತ್ತದೆ. ಗುಲ್ಮ ಉಬ್ಬಿ ಪ್ಲೇಟ್‌ಲೆಟ್ ಹಿಡಿದಿಡುತ್ತದೆ. ಕಬಡ್ಡಿ ಬೇಡ, ಪೆಟ್ಟು ಬಿದ್ದರೆ ಗುಲ್ಮ ಒಡೆದೀತು. ನೋವಿಗೆ ಐಬುಪ್ರೊಫೆನ್, ಆಸ್ಪಿರಿನ್ ಕೊಡಬೇಡಿ. ಬದಿಗೆ ನೋಡುವಾಗ ಕಣ್ಣು ಹೊರಳದೆ ಇಡೀ ತಲೆ ತಿರುಗಿಸುತ್ತಾನಾ ಗಮನಿಸಿ. ಹಾಗಿದ್ದರೆ ಮಿದುಳಿಗೂ ತಾಗಿದೆಯೇ ನೋಡಬೇಕು.

ಕುಂಬಳೆ: ಪಪ್ಪಾಯಿ ಎಲೆ ರಸ 3 ದಿನ ಕುಡಿಸಿ, ಪ್ಲೇಟ್‌ಲೆಟ್ ಏರುತ್ತದೆ. ಫಾರ್ವರ್ಡ್ ಹಾಕಿದ್ದೇನೆ.

ಡಾಕ್ಟ್ರು: ಬೇಡ. ರಸ ಕುಡಿದರೆ ಆ ಕಿಣ್ವ ಬರುವುದಿಲ್ಲ. ಮಗುವಿನ ದಿನ ಹಾಳು ಮಾಡಬೇಡಿ.

ಪೆರ್ಲ: ತುಪ್ಪ ಬಿಟ್ಟರೆ ಆದೀತಾ?

ಡಾಕ್ಟ್ರು: ಇಲ್ಲ. ದೇಹವೇ ತಯಾರಿಸುವ ಕೊಬ್ಬು.

ಮುಳ್ಳೇರಿಯ: ಸೋದರಮಾವನ ಮನೆಗೆ ಹೆಣ್ಣು ಕೊಟ್ಟದ್ದೇ ಕಾರಣ. ಹೇಳಿದರೆ ಯಾರು ಕೇಳುತ್ತಾರೆ?

ಪೆರ್ಲ: ಆ ತಾಯಿ ಓದುವ ಗುಂಪಿನಲ್ಲಿ ಹೀಗೆ ಬರೆಯುವುದಾ? ಹೊರಗಿನ ಸಂಬಂಧದಲ್ಲಿ ಬರುವುದೇ ಇಲ್ಲವಾ?

ಮುಳ್ಳೇರಿಯ: ಸತ್ಯ ಹೇಳಿದರೆ ನಿಮಗೆ ಸಿಟ್ಟು.

ಡಾಕ್ಟ್ರು: ಇಬ್ಬರೂ ನಿಲ್ಲಿಸಿ. ಅಪ್ಪ ಅಮ್ಮ ಇಬ್ಬರೂ ವಾಹಕರಾದರೆ (ಜೋಡಿ ವಂಶವಾಹಿಯಲ್ಲಿ ಒಂದರಲ್ಲಿ ದೋಷ ಇದ್ದರೆ) ಪ್ರತಿ ಬಸಿರಿಗೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ 25%. ಸಂಬಂಧಿಕರಲ್ಲಿ ಒಂದೇ ದೋಷ ಇಬ್ಬರಲ್ಲೂ ಇರುವುದು ಹೆಚ್ಚು, ಹೊರಗೂ ಆಗುತ್ತದೆ. ಯಾರ ತಪ್ಪೂ ಅಲ್ಲ.

ಮಂಜೇಶ್ವರ: ಜಿಬಿಎ1 ವಾಹಕರಿಗೆ ಪಾರ್ಕಿನ್ಸನ್ ಸಾಧ್ಯತೆ ಹೆಚ್ಚಂತೆ. ಅಜ್ಜನಿಗೆ ಉಂಟು. ನಾವೆಲ್ಲ ಪರೀಕ್ಷೆ ಮಾಡಿಸಬೇಕಾ?

ಕುಂಬಳೆ: ಗುಲ್ಮ ತೆಗೆಸಿದರೆ ಮುಗಿಯಿತಲ್ಲ?

ಡಾಕ್ಟ್ರು: ಮುಗಿಯುವುದಿಲ್ಲ! ತೆಗೆದ ಮೇಲೆ ಕೊಬ್ಬು ಎಲುಬಿಗೆ, ಯಕೃತ್ತಿಗೆ ಸೇರುತ್ತದೆ, ಸೋಂಕಿನ ಭಯವೂ ಉಂಟು. ಗೊತ್ತಿಲ್ಲದಿದ್ದರೆ ಬರೆಯಬೇಡಿ.

ಬದಿಯಡ್ಕ: ಮದ್ದಿನ ಖರ್ಚು?

ಡಾಕ್ಟ್ರು: ಇಮಿಗ್ಲೂಸೆರೇಸ್ (ಆ ಕಿಣ್ವದ ಬದಲಿಗೆ ಕೊಡುವ ಮದ್ದು) ಡ್ರಿಪ್, 2 ವಾರಕ್ಕೊಮ್ಮೆ, ಜೀವನಪೂರ್ತಿ. ತೂಕ ನೋಡಿ ಪ್ರಮಾಣ, ಬಹಳ ದುಬಾರಿ. ಅದು ಮಿದುಳಿಗೆ ತಲುಪುವುದಿಲ್ಲ, ಅದಕ್ಕೇ ಕಣ್ಣು ನೋಡಿ ಅಂದದ್ದು. 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಲ್ಲಿ ಗುರುತಿಸಿದ ಕೇಂದ್ರಗಳ ಮೂಲಕ 50 ಲಕ್ಷದವರೆಗೆ ನೆರವು ಉಂಟು. ತಿರುವನಂತಪುರದ ಎಸ್‌ಎಟಿ ಆಸ್ಪತ್ರೆ ಅಂಥ ಕೇಂದ್ರ. ಕಿಣ್ವದ ವರದಿ, ಮಗುವಿನ ತೂಕ, ಪಕ್ಕೆಲುಬಿನ ಕೆಳಗೆ ಗುಲ್ಮ ಎಷ್ಟು ಸೆಂಟಿಮೀಟರ್ ಇಳಿದಿದೆ, ಮೂರನ್ನೂ ಬರೆಸಿಕೊಂಡು ಹೋಗಿ.