ದೊಡ್ಡಪ್ಪನ ಠೇವಣಿ ಬಿಡಿಸಿಕೊಡಲು ರಿಸರ್ವ್ ಬ್ಯಾಂಕ್ ಶುಲ್ಕ ಕೇಳುತ್ತದೆಯೇ?

ಪ್ರಶ್ನೆ (ಗೃಹಿಣಿ, ಕಾಪು): ಸರ್, ಮುಂಬಯಿಯಲ್ಲಿ ಹೋಟೆಲ್ ನಡೆಸುತ್ತಿದ್ದ ನಮ್ಮ ದೊಡ್ಡಪ್ಪ ತೀರಿಕೊಂಡು ವರ್ಷಗಳೇ ಆದವು. ಅವರಿಗೆ ಮಕ್ಕಳಿಲ್ಲ. ಮೊನ್ನೆ 'ರಿಸರ್ವ್ ಬ್ಯಾಂಕಿನ ನಿರ್ದೇಶಕರು' ಎಂಬವರಿಂದ ನನಗೆ ಇಮೇಲ್ ಬಂದಿದೆ. ನಿಮ್ಮ ಮನೆತನದವರೊಬ್ಬರ ಠೇವಣಿ ವಾರಸುದಾರರಿಲ್ಲದೆ ಬಿದ್ದಿದೆ, 18,500 ರೂಪಾಯಿ ಕಡತ ಶುಲ್ಕ ಕಟ್ಟಿದರೆ ಬಿಡುಗಡೆ ಮಾಡುತ್ತೇವೆ ಎಂದಿದ್ದಾರೆ. ಹುಲಿ, ತಾಳೆಮರದ ಮುದ್ರೆಯೂ ಇದೆ. ದೊಡ್ಡಪ್ಪನಿಗೆ ಸಿಂಡಿಕೇಟ್ ಬ್ಯಾಂಕಿನಲ್ಲಿ ಖಾತೆ ಇದ್ದದ್ದು ನಿಜ, ಪಾಸ್‌ಬುಕ್ ನಮ್ಮಲ್ಲಿದೆ. ಕಟ್ಟಬಹುದೇ?

ಉತ್ತರ (ನಿವೃತ್ತ ಬ್ಯಾಂಕ್ ಮ್ಯಾನೇಜರ್, ಉಡುಪಿ): ಒಂದು ರೂಪಾಯಿಯನ್ನೂ ಕಟ್ಟಬೇಡಿ ಅಮ್ಮ. ಪಾಸ್‌ಬುಕ್ ಮಾತ್ರ ಜೋಪಾನ, ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ರಿಸರ್ವ್ ಬ್ಯಾಂಕ್ ನಮ್ಮ ನಿಮ್ಮಂಥವರ ಉಳಿತಾಯ ಖಾತೆ, ಠೇವಣಿಗಳನ್ನು ನಡೆಸುವುದಿಲ್ಲ. ಮುದ್ರೆ ಅಂತರ್ಜಾಲದಲ್ಲಿ ಯಾರಿಗೂ ಸಿಗುತ್ತದೆ. ಕಳುಹಿಸಿದವರ ಹೆಸರಿನ ಮೇಲೆ ಬೆರಳಿಟ್ಟು ಪೂರ್ತಿ ವಿಳಾಸ ನೋಡಿ. ವಿಳಾಸವನ್ನೂ ನಕಲು ಮಾಡಬಲ್ಲವರಿದ್ದಾರೆ, ಆದ್ದರಿಂದ ಇನ್ನೊಂದು ಹೇಳಿ: ದುಡ್ಡನ್ನು ಯಾವ ಖಾತೆಗೆ ಹಾಕಬೇಕಂತೆ?

ಪ್ರಶ್ನೆ: ಯಾರದೋ ಸ್ವಂತ ಹೆಸರಿನ ಉಳಿತಾಯ ಖಾತೆ ಸರ್. ಬೇರೆ ರಾಜ್ಯದ ಶಾಖೆ.

ಉತ್ತರ: ಅಲ್ಲಿಗೆ ಮುಗಿಯಿತು. ಕಮಿಷನ್ ಆಸೆಗೆ ಯಾರೋ ಬಿಟ್ಟುಕೊಟ್ಟ ಬಾಡಿಗೆ ಖಾತೆ ಅದು. ಬಿದ್ದ ದುಡ್ಡು ನೋಡನೋಡುತ್ತಿದ್ದಂತೆ ನಾಲ್ಕಾರು ಖಾತೆಗಳಿಗೆ ಹಂಚಿಹೋಗುತ್ತದೆ. 18,500 ಕಟ್ಟಿದವರಿಗೆ ಮುಂದೆ ತೆರಿಗೆ, ಆಮೇಲೆ ಹಣ ಅಕ್ರಮದ್ದಲ್ಲ ಎಂಬ ಪ್ರಮಾಣಪತ್ರ, ಆಮೇಲೆ ವಿಮೆ. ಬರುವ ಮೊತ್ತದಲ್ಲೇ ಮುರಿದುಕೊಳ್ಳಿ ಎಂದರೆ 'ನಿಯಮದಲ್ಲಿ ಅವಕಾಶವಿಲ್ಲ' ಎಂಬ ಸಿದ್ಧ ಉತ್ತರ. ನೀವು ಕೇಳಲೂ ಹೋಗಬೇಡಿ, ಒಮ್ಮೆ ಉತ್ತರಿಸಿದವರನ್ನು ಅವರು ಸುಲಭಕ್ಕೆ ಬಿಡುವುದಿಲ್ಲ.

ನಮ್ಮ ಕರಾವಳಿಯಲ್ಲಿ ಈ ಸುಳ್ಳು ಬೇಗ ನಾಟುವುದಕ್ಕೆ ಕಾರಣವಿದೆ. 1928ರಿಂದಲೇ ಪಿಗ್ಮಿಗೆ ಚಿಲ್ಲರೆ ಹಾಕಿದ ಜನ ನಾವು, ಮರೆತುಹೋದ ಖಾತೆ ಎಷ್ಟೋ ಮನೆಗಳಲ್ಲಿದೆ. ಮೇಲಾಗಿ ಬ್ಯಾಂಕುಗಳ ಹೆಸರೇ ಹೋಯಿತು. 2019ರಲ್ಲಿ ವಿಜಯಾ ಬ್ಯಾಂಕ್ ಬರೋಡಾ ಪಾಲಾಯಿತು. 2020ರ ಏಪ್ರಿಲ್ 1ರಂದು ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ, ಸಿಂಡಿಕೇಟ್ ಕೆನರಾದಲ್ಲಿ ವಿಲೀನವಾದವು. ಬೋರ್ಡು ಕಾಣದಾದಾಗ 'ಹಣ ಎಲ್ಲೋ ಸಿಕ್ಕಿಕೊಂಡಿದೆ' ಎಂದರೆ ಯಾರಾದರೂ ನಂಬಬೇಕಾದದ್ದೇ.

ಈಗ ಪಾಸ್‌ಬುಕ್. ಹತ್ತು ವರ್ಷ ವ್ಯವಹಾರವಿಲ್ಲದ ಖಾತೆಯ ಹಣವನ್ನು ಬ್ಯಾಂಕ್ ರಿಸರ್ವ್ ಬ್ಯಾಂಕಿನ ನಿಧಿಯೊಂದಕ್ಕೆ ವರ್ಗಾಯಿಸುತ್ತದೆ. ಮೋಸಗಾರರ ಕಥೆಯಲ್ಲಿರುವ ಅರೆಪಾವು ಸತ್ಯ ಇಷ್ಟೇ. ಆದರೆ ಅದನ್ನು ವಾರಸುದಾರರಿಗೆ ಕೊಡುವುದು ಖಾತೆಯಿದ್ದ ಬ್ಯಾಂಕೇ. 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಆರಂಭಿಸಿದ 'ಉದ್ಗಮ' ಜಾಲತಾಣದಲ್ಲಿ ದೊಡ್ಡಪ್ಪನ ಹೆಸರಿನ ಜೊತೆಗೆ ಪ್ಯಾನ್ ಅಥವಾ ಹುಟ್ಟಿದ ದಿನಾಂಕ ಕೊಟ್ಟು ಹುಡುಕಿ, ಶುಲ್ಕವಿಲ್ಲ. ಬಳಿಕ ಪಾಸ್‌ಬುಕ್, ಮರಣ ಪ್ರಮಾಣಪತ್ರ ಹಿಡಿದು ಕೆನರಾ ಬ್ಯಾಂಕ್ ಶಾಖೆಗೆ ಹೋಗಿ. ನಾಮಿನಿ ಇಲ್ಲದಿದ್ದರೆ ವಾರಸಿಕೆಯ ದಾಖಲೆಗಳಿಗಾಗಿ ಅಲೆದಾಟ ತಪ್ಪದು. ಇಮೇಲ್‌ನಲ್ಲಿ ಕಂಡ ವಿನಯ ಕೌಂಟರಿನಲ್ಲಿ ಸಿಗದೆಯೂ ಇರಬಹುದು!

ಪ್ರಶ್ನೆ (ಸದಸ್ಯರೊಬ್ಬರು, ಸುರತ್ಕಲ್): ಸರ್, ನನ್ನ ಭಾವ ಇಂಥದ್ದೇ ಇಮೇಲ್ ನಂಬಿ ಎರಡು ಕಂತು ಕಟ್ಟಿದ್ದಾರೆ, ಎರಡನೆಯದು ನಿನ್ನೆ ರಾತ್ರಿ. ಇವತ್ತು 'ಒಂಬುಡ್ಸ್‌ಮನ್ ಕಚೇರಿ'ಯಿಂದ ಕರೆ ಬಂದಿದೆ. 5,000 ಕೊಟ್ಟರೆ ಅಷ್ಟೂ ವಾಪಸ್ ಕೊಡಿಸುತ್ತಾರಂತೆ.

ಉತ್ತರ: ಕರೆ ಮಾಡಿದವನೂ ಅದೇ ಗುಂಪಿನವನು. ಒಂಬುಡ್ಸ್‌ಮನ್ ಎಂದರೆ ಬ್ಯಾಂಕುಗಳ ಮೇಲಿನ ದೂರು ಆಲಿಸುವ ರಿಸರ್ವ್ ಬ್ಯಾಂಕಿನ ಅಧಿಕಾರಿ, ನಿಜವಾದ ಒಂಬುಡ್ಸ್‌ಮನ್ ಬಳಿ ದೂರಿಗೆ ಶುಲ್ಕವೇ ಇಲ್ಲ. ಇದನ್ನು ಓದಿದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ವ್ಯವಹಾರದ ಸಂಖ್ಯೆ, ಸಮಯ, ದುಡ್ಡು ಹೋದ ಖಾತೆಯ ವಿವರ ಎದುರಿಗಿರಲಿ. ನಿನ್ನೆಯ ಕಂತು ಎಲ್ಲಾದರೂ ತಂಗಿದ್ದರೆ ತಡೆಹಿಡಿಯಲು ಅವಕಾಶವಿದೆ. ಬಳಿಕ ಭಾವನ ಬ್ಯಾಂಕಿಗೂ ಮಂಗಳೂರಿನ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೂ ಹೋಗಿ. ಸ್ಕ್ರೀನ್‌ಶಾಟ್ ಇದೆಯಲ್ಲ ಎಂದು ಮೂಲ ಇಮೇಲ್ ಅಳಿಸಬೇಡಿ. ಅದು ಬಂದ ದಾರಿ ಹುಡುಕಲು ಪೊಲೀಸರಿಗೆ ಅದೇ ಬೇಕು. ಭಾವನಿಗೆ ಹೇಳಿಕೊಳ್ಳಲು ಮುಜುಗರವಾದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕರೆಯನ್ನು ನೀವೇ ಮಾಡಿ.