ಟ್ರೆಂಚ್ ಕೋಟು, ಯುಟಿಲಿಟಿ ಬಟ್ಟೆ: ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಎರಡು ಮಹಾಯುದ್ಧಗಳ ಕಾಲದಲ್ಲಿ ಬ್ರಿಟನ್ನಿನ ಹೆಂಗಸರ ಉಡುಪು ಹೇಗೆ ಬದಲಾಯಿತು ಅಂತ ಒಂದು ಲೇಖನ ಬರೆಯುತ್ತಿದ್ದೇನೆ. ಎರಡು ಪದಗಳ ಹತ್ತಿರ ಬಂದು ನಿಂತಿದ್ದೇನೆ.

ಮೊದಲನೆಯದು ಟ್ರೆಂಚ್ ಕೋಟು. ಎರಡು ಸಾಲು ಗುಂಡಿ, ಸೊಂಟಕ್ಕೆ ಬೆಲ್ಟು, ಹೆಗಲ ಮೇಲೆ ಪಟ್ಟಿ. 1914ರಿಂದ 1918ರವರೆಗೆ ಫ್ರಾನ್ಸ್, ಬೆಲ್ಜಿಯಂಗಳಲ್ಲಿ ಸೈನಿಕರು ನೆಲದಲ್ಲಿ ‘ಟ್ರೆಂಚ್’ ಅನ್ನುವ ಉದ್ದನೆಯ ಹಳ್ಳ ತೋಡಿಕೊಂಡು, ಕೆಸರಿನಲ್ಲಿ ಬದುಕುತ್ತಿದ್ದರು. ಉಣ್ಣೆಯ ಓವರ್‌ಕೋಟು ನೀರು ಕುಡಿದರೆ ಹೊರಲಾರದ ಭಾರ. ಅದಕ್ಕೇ ಬ್ರಿಟಿಷ್ ಅಧಿಕಾರಿಗಳು ಗ್ಯಾಬರ್ಡಿನ್‌ನಂಥ ಹಗುರ ಬಟ್ಟೆಯ ಕೋಟು ಕೊಂಡರು. ಬರ್ಬೆರಿ, ಅಕ್ವಾಸ್ಕ್ಯೂಟಮ್ ಕಂಪನಿಗಳು ಇದನ್ನು ಹೊಲಿದು ಮಾರಿದವು. ಆಮೇಲೆ ಅದೇ ಕೋಟು ಹೆಂಗಸರ ದಿನಬಳಕೆಗೂ ಬಂತು. ಇವತ್ತು ತೊಡುವವರಿಗೆ ಯುದ್ಧ ನೆನಪಾಗುವುದಿಲ್ಲ. ಹೆಸರಿನಲ್ಲಿ ಮಾತ್ರ ಅದು ಹಾಗೇ ಇದೆ.

ಅದಕ್ಕೇ ‘ಮಳೆಕೋಟು’ ಅಂದು ಮುಗಿಸಲು ಮನಸ್ಸು ಒಪ್ಪುತ್ತಿಲ್ಲ. ‘ಕಂದಕದ ಕೋಟು’ ಅಂದರೆ ಚಿತ್ರದುರ್ಗದ ಕೋಟೆ ಕಣ್ಣಮುಂದೆ ಬರುತ್ತದೆ. ಮಲೆನಾಡಿನಲ್ಲಿ ‘ಅಗಳು’ ಇದೆ, ನನಗೆ ತುಂಬಾ ಇಷ್ಟದ ಪದ. ಆದರೆ ಅದು ತೋಟಕ್ಕೆ ದನ ನುಗ್ಗದಂತೆ ತೋಡಿದ್ದು. ಕಂದಕವಾಗಲಿ ಅಗಳಾಗಲಿ, ಎರಡೂ ಹೊರಗಿನವರನ್ನು ತಡೆಯುವಂಥವು. ಒಳಗೆ ಇಳಿದು ತಿಂಗಳುಗಟ್ಟಲೆ ಇರುವ ಜಾಗ ಅನ್ನುವ ಅರ್ಥ ಎರಡರಲ್ಲೂ ಇಲ್ಲ. ‘ಗುಂಡಿ’ಯಂತೂ ಆಗುವುದೇ ಇಲ್ಲ. ಗುಂಡಿ ಕೋಟು ಅಂದರೆ ಬಟನ್ ಇರುವ ಕೋಟು ಅಂತಾಗುತ್ತದೆ, ಅಲ್ವಾ?

ಹಾಗಾಗಿ ‘ಟ್ರೆಂಚ್ ಕೋಟು’ ಅಂತಲೇ ಇಟ್ಟುಕೊಳ್ಳೋಣ ಅನ್ನಿಸುತ್ತಿದೆ. ಖಾಕಿಯನ್ನು ನೋಡಿ. ಪಾರಸಿಯ ‘ಖಾಕ್’ ಅಂದರೆ ಮಣ್ಣು, ಧೂಳು. ಅದನ್ನು ಯಾರೂ ‘ಧೂಳುಬಣ್ಣ’ ಅಂತ ತಿರುಗಿಸಲಿಲ್ಲ. ಮಂಗಳೂರಿನ ಬಾಸೆಲ್ ಮಿಶನ್ನಿನ ನೇಯ್ಗೆ ಕಾರ್ಖಾನೆಯಲ್ಲಿ 19ನೇ ಶತಮಾನದಲ್ಲೇ ಖಾಕಿ ಬಟ್ಟೆ ತಯಾರಾಗುತ್ತಿತ್ತು. ಬಟ್ಟೆಯೂ ಪದವೂ ಒಟ್ಟಿಗೇ ನಮ್ಮವಾದವು.

ಹೆಗಲ ಪಟ್ಟಿಗೆ ಟೈಲರುಗಳು ಏನನ್ನುತ್ತಾರೆ? ಅಧಿಕಾರಿಯ ದರ್ಜೆ ತೋರಿಸಲು ಇದ್ದದ್ದು, ಈಗ ಹೆಂಗಸರ ಶರ್ಟುಗಳಲ್ಲಿ ಸುಮ್ನೆ ಚೆಂದಕ್ಕೆ ಇರುತ್ತದೆ. ಗೊತ್ತಿದ್ದವರು ಹೇಳಿ.

ಎರಡನೆಯದು ಇನ್ನೂ ಕಷ್ಟದ್ದು: ಯುಟಿಲಿಟಿ ಬಟ್ಟೆ. 1941ರ ಜೂನ್‌ನಲ್ಲಿ ಬ್ರಿಟನ್ನಿನಲ್ಲಿ ಬಟ್ಟೆಗೂ ರೇಷನ್ ಬಂತು. ನೆರಿಗೆ ಎಷ್ಟು, ಗುಂಡಿ ಎಷ್ಟು, ಜೇಬು ಎಷ್ಟು ಅಂತ ಸರ್ಕಾರವೇ ಮಿತಿ ಹಾಕಿತು. ಚೌಕನೆಯ ಹೆಗಲು, ಬಿಗಿ ಸೊಂಟ, ಮೊಣಕಾಲಿನ ಹತ್ತಿರವೇ ನಿಲ್ಲುವ ಸ್ಕರ್ಟು. ಮನೆಯಲ್ಲಿದ್ದವರ ಉಡುಪೂ ಸೇನೆ ಸೇರಿದ ಹೆಂಗಸರ ಸಮವಸ್ತ್ರದ ಹಾಗೇ ಕಾಣತೊಡಗಿತು. ಸರ್ಕಾರದ ಈ ಮಿತಿಯೊಳಗೆ ತಯಾರಾದದ್ದೇ ಯುಟಿಲಿಟಿ ಬಟ್ಟೆ. ಅದರ ಮೇಲೆ ‘ಸಿಸಿ 41’ ಅನ್ನುವ ಮುದ್ರೆ ಇರುತ್ತಿತ್ತು.

‘ಉಪಯುಕ್ತ ಉಡುಪು’ ಅಂತ ಬರೆದು ನೋಡಿದೆ. ಸರ್ಕಾರಿ ಪ್ರಕಟಣೆ ಓದಿದ ಹಾಗಾಯಿತು. ಆಗ ಅಜ್ಜಿಯ ಮಾತು ನೆನಪಾಯಿತು. ಅವರು ‘ಕಂಟ್ರೋಲ್ ಸೀರೆ’ ಅನ್ನುತ್ತಿದ್ದರು. 1943ರಲ್ಲಿ ಇಲ್ಲಿಯೂ ಬಟ್ಟೆಯ ಮೇಲೆ ಸರ್ಕಾರದ ಹತೋಟಿ ಬಂದಿತ್ತು. ‘ಕಂಟ್ರೋಲ್ ಬಟ್ಟೆ’ ಅಂದರೆ ಆ ಕಾಲದ ಬಿಗಿ ಒಂದೇ ಮಾತಿನಲ್ಲಿ ಬರುತ್ತದೆ.

ಆದರೆ ಒಂದು ಅನುಮಾನ. ನಮ್ಮ ಸೀರೆಗೆ ಕಂಟ್ರೋಲ್ ಬಂದರೂ ಅದರ ಆಕಾರ ಬದಲಾಗಲಿಲ್ಲ. ಬದಲಿಗೆ, ರಾಯಲ್ ಇಂಡಿಯನ್ ನೇವಿಯ ಮಹಿಳಾ ವಿಭಾಗ ಸೇರಿದ ಭಾರತೀಯ ಹೆಂಗಸರು ಸೀರೆಯನ್ನೇ ಸಮವಸ್ತ್ರವಾಗಿ ಉಟ್ಟರು. ಬ್ರಿಟನ್ನಿನಲ್ಲಿ ಉಡುಪಿನ ಕತ್ತರಿಕೆಯೇ ಬದಲಾಯಿತು. ಇಷ್ಟು ವ್ಯತ್ಯಾಸ ಇದ್ದರೂ ನಮ್ಮ ಪದವನ್ನು ಅದಕ್ಕೆ ಬಳಸಬಹುದೇ?

ನಿಮ್ಮ ಮನೆಯ ಹಿರಿಯರು ಬಟ್ಟೆಗೆ ‘ಕಂಟ್ರೋಲ್’ ಅಂದದ್ದನ್ನು ಕೇಳಿದ್ದೀರಾ? ಯಾವ ಊರಿನ ಕಡೆ, ಯಾವ ವಾಕ್ಯದಲ್ಲಿ ಅಂತ ಬರೆದರೆ ಜಾಸ್ತಿ ಉಪಕಾರ.